ಹಳೆಯ ಕ್ಯಾಮೆರಾದ ಸವೆತವನ್ನು ಗುರುತಿಸುವುದು ಹೇಗೆ, ಮನೆಯಲ್ಲೇ ಸರಿಪಡಿಸಿಕೊಳ್ಳಬಹುದಾದದ್ದು ಯಾವುದು

ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕ್ಯಾಮೆರಾ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಶಟರ್ ಕೌಂಟ್, ಅಂದರೆ ಬೆಳಕು ಬಿಡುವ ಪರದೆ ಎಷ್ಟು ಬಾರಿ ತೆರೆದು ಮುಚ್ಚಿದೆ ಎಂಬ ಲೆಕ್ಕ, ಎಷ್ಟಾಗಿದೆ ಎಂದು. ಕೇಳಬೇಕಾದ ಪ್ರಶ್ನೆಯೇ ಅದು, ಆದರೆ ಅದೊಂದನ್ನೇ ನಂಬಿ ಹಣ ಎಣಿಸಿಕೊಟ್ಟವರು ಆಮೇಲೆ ಪೇಚಾಡುವುದೂ ಉಂಟು. ಕ್ಯಾಮೆರಾ ಇಷ್ಟು ವರ್ಷ ಯಾವ ಕೆಲಸ ಮಾಡಿತು, ಕೆಲಸವಿಲ್ಲದ ದಿನಗಳಲ್ಲಿ ಅದನ್ನು ಎಲ್ಲಿ ಇಟ್ಟಿದ್ದರು ಎಂಬ ಎರಡು ಸಂಗತಿ ತಿಳಿದರೆ ಸವೆತ ಎಲ್ಲಿ ಆಗಿರಬಹುದು ಎಂಬುದು ಬಹುಪಾಲು ಊಹೆಗೆ ಸಿಗುತ್ತದೆ. ಉಳಿದದ್ದನ್ನು ಪರೀಕ್ಷೆಯಿಂದ ಖಚಿತಪಡಿಸಿಕೊಂಡರಾಯಿತು.

ಮೈಸೂರು, ಮಂಡ್ಯದ ಕಡೆ ಕೈ ಬದಲಾಗುವ ಕ್ಯಾಮೆರಾಗಳಲ್ಲಿ ಮೂರು ಬಗೆಯವು ಹೆಚ್ಚು. ಮದುವೆ ಸ್ಟುಡಿಯೊಗಳಿಂದ ಬರುವವು ಒಂದು ಬಗೆ. ಇವು ಛತ್ರದ ಹೋಮದ ಹೊಗೆ, ಅಕ್ಷತೆಯ ಅರಿಸಿನ, ಬೆವರಿದ ಕೈ ಎಲ್ಲವನ್ನೂ ಕಂಡಿರುತ್ತವೆ, ಮತ್ತು ಇತ್ತೀಚಿನ ವರ್ಷಗಳಲ್ಲಿ ಫೋಟೊಗಿಂತ ವಿಡಿಯೊಗೇ ಹೆಚ್ಚು ದುಡಿದಿರುತ್ತವೆ. ರಂಗನತಿಟ್ಟು, ಕೊಕ್ಕರೆ ಬೆಳ್ಳೂರು, ಕಾರಂಜಿ ಕೆರೆ ಎಂದು ಸುತ್ತುವ ಪಕ್ಷಿ ಛಾಯಾಗ್ರಾಹಕರ ಬಾಡಿಗಳು (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಇನ್ನೊಂದು ಬಗೆ. ಮೂರನೆಯದು ಉಡುಗೊರೆಯಾಗಿ ಬಂದು, ಒಂದೆರಡು ಪ್ರವಾಸ ಮುಗಿಸಿ, ಬ್ಯಾಗಿನೊಳಗೇ ಬೀರು ಸೇರಿದ ಕ್ಯಾಮೆರಾ. ಕಡಿಮೆ ಶಟರ್ ಕೌಂಟ್ ಇರುವುದು ಈ ಮೂರನೆಯದರಲ್ಲಿ. ಆದರೆ ನನ್ನ ಪ್ರಕಾರ ಹೆಚ್ಚು ಅನುಮಾನದಿಂದ ನೋಡಬೇಕಾದದ್ದೂ ಅದನ್ನೇ. ಏಕೆ ಎಂಬುದು ಲೆನ್ಸಿನ ವಿಚಾರಕ್ಕೆ ಬಂದಾಗ ಗೊತ್ತಾಗುತ್ತದೆ.

ನೋಡಲು ಹೋಗುವ ಮುನ್ನ

ಭೇಟಿಯನ್ನು ಹಗಲಿನಲ್ಲೇ ಇಟ್ಟುಕೊಳ್ಳಿ. ಟ್ಯೂಬ್‌ಲೈಟಿನ ಕೆಳಗೆ ಶಟರ್ ಪರೀಕ್ಷೆಯೂ ಆಗುವುದಿಲ್ಲ, ಚಿತ್ರ ಮೂಡುವ ಸೆನ್ಸರಿನ ಪರೀಕ್ಷೆಯೂ ಆಗುವುದಿಲ್ಲ. ನಿಮ್ಮದೇ ಮೆಮೊರಿ ಕಾರ್ಡ್, ಸಣ್ಣ ಆದರೆ ಪ್ರಖರವಾದ ಟಾರ್ಚ್, ಸಾಧ್ಯವಾದರೆ ಒಂದು ಲ್ಯಾಪ್‌ಟಾಪ್ ಜೊತೆಯಲ್ಲಿರಲಿ. ಬಿಲ್ಲು ಮತ್ತು ಡಬ್ಬ ಇದ್ದರೆ ತರಲು ಹೇಳಿ. ಬಾಡಿಯ ಮೇಲಿನ ಸೀರಿಯಲ್ ನಂಬರ್, ಡಬ್ಬದ ಮೇಲಿನದು, ಬಿಲ್ಲಿನಲ್ಲಿ ಬರೆದದ್ದು ಮೂರೂ ಒಂದೇ ಇರಬೇಕು. ಬಹಳಷ್ಟು ಕ್ಯಾಮೆರಾಗಳು ಫೋಟೊ ಫೈಲಿನೊಳಗೂ ಸೀರಿಯಲ್ ನಂಬರನ್ನು ಬರೆದಿಡುತ್ತವೆ. ಕೆಳಭಾಗದ ಸ್ಟಿಕ್ಕರ್ ಕಿತ್ತುಹೋಗಿದ್ದರೆ, ಅಥವಾ ಸ್ಟಿಕ್ಕರಿನ ನಂಬರಿಗೂ ಫೈಲಿನ ನಂಬರಿಗೂ ತಾಳೆಯಾಗದಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಆ ವ್ಯವಹಾರಕ್ಕೆ ಕೈ ಹಾಕಬೇಡಿ.

ಹೊರಮೈ

"ಒಂದೇ ಕೈಯಲ್ಲಿ ಬಳಸಿದ್ದು ಸಾರ್, ಏನೂ ಕೆಲಸ ಇಲ್ಲ, ಎತ್ಕೊಂಡು ಹೋಗಿ" ಎಂಬ ಮಾತನ್ನು ಎಲ್ಲ ಮಾರಾಟಗಾರರೂ ಹೇಳುತ್ತಾರೆ. ಆ ಮಾತು ಮುಗಿಯುವಷ್ಟರಲ್ಲಿ ಬಾಡಿಯನ್ನು ಕೈಗೆ ತೆಗೆದುಕೊಂಡು ನಾಲ್ಕು ಜಾಗ ನೋಡಿ. ಲೆನ್ಸ್ ಕೂರುವ ಲೋಹದ ಮೌಂಟಿನ ಮೇಲೆ ವೃತ್ತಾಕಾರದ ಗೀರುಗಳು ಇರುವುದು ಸಹಜ, ಆದರೆ ಹೊಳಪು ಪೂರ್ತಿ ಹೋಗಿದ್ದರೆ ಲೆನ್ಸ್ ಬದಲಾಯಿಸಿ ಬದಲಾಯಿಸಿ ದುಡಿಸಿದ ಬಾಡಿ ಅದು. ಫ್ಲ್ಯಾಶ್ ಕೂರಿಸುವ ಹಾಟ್ ಶೂ ಎರಡೂ ಬದಿಗೆ ಬಣ್ಣ ಸವೆದಿದ್ದರೆ ಛತ್ರದ ಕೆಲಸ ಮಾಡಿದೆ ಎಂದು ತಿಳಿಯಬಹುದು. ಟ್ರೈಪಾಡ್ ತಿರುಪಿನ ಸುತ್ತ ಬಿರುಕಿದೆಯೇ ನೋಡಿ. ಕೊನೆಯದಾಗಿ ಮೂಲೆಗಳು: ಬಣ್ಣ ಸವೆದ ಮೂಲೆ ಚಿಂತೆಯ ವಿಷಯವಲ್ಲ, ಒಳಕ್ಕೆ ತಗ್ಗಿದ ಅಥವಾ ಜೋಡಣೆಯ ಗೆರೆ ಅಗಲವಾದ ಮೂಲೆ ಬಿದ್ದದ್ದರ ಗುರುತು. ತಿರುಪುಗಳ ತಲೆ ಕಚ್ಚಿಹೋಗಿದ್ದರೆ ಯಾರೋ ಒಳಗೆ ಕೈಯಾಡಿಸಿದ್ದಾರೆ. ರಿಪೇರಿಯಾದ ಕ್ಯಾಮೆರಾ ಕೆಟ್ಟದ್ದೇನಲ್ಲ, ಆದರೆ ಏನು ರಿಪೇರಿಯಾಯಿತು ಎಂದು ಮಾರುವವರು ಹೇಳಬೇಕು.

ವ್ಯೂಫೈಂಡರಿನಲ್ಲಿ ಧೂಳು ಕಂಡು ಗಾಬರಿಯಾಗುವವರು ಬಹಳ. ಡಿಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿಯಿರುವ ಕ್ಯಾಮೆರಾದಲ್ಲಿ) ಆ ಧೂಳು ಫೋಕಸಿಂಗ್ ಸ್ಕ್ರೀನಿನ ಮೇಲೆಯೋ ಅದರ ಮೇಲಿನ ಗಾಜಿನಲ್ಲಿಯೋ ಇರುತ್ತದೆ, ಚಿತ್ರದಲ್ಲಿ ಬೀಳುವುದಿಲ್ಲ.

ಶಟರ್: ಸಂಖ್ಯೆ ಮತ್ತು ಸ್ಥಿತಿ

ನಿಕಾನ್ ಬಾಡಿಗಳು ಪ್ರತಿ ಫೋಟೊ ಫೈಲಿನೊಳಗೇ ಶಟರ್ ಕೌಂಟನ್ನು ಬರೆಯುತ್ತವೆ, ಎಕ್ಸಿಫ್‌ಟೂಲ್‌ನಂಥ ಉಚಿತ ತಂತ್ರಾಂಶದಿಂದ ಅದನ್ನು ಓದಬಹುದು. ಕ್ಯಾನನ್‌ನ ಹೆಚ್ಚಿನ ಡಿಎಸ್‌ಎಲ್‌ಆರ್‌ಗಳು ಫೈಲಿನಲ್ಲಿ ಬರೆಯುವುದಿಲ್ಲ. ಬಾಡಿಯನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಬೇರೆ ತಂತ್ರಾಂಶದಿಂದ ಓದಬೇಕಾಗುತ್ತದೆ. ಫೋಟೊವನ್ನು ವಾಟ್ಸ್‌ಆ್ಯಪಿನಲ್ಲಿ ತರಿಸಿಕೊಂಡರೆ ಈ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ನಿಮ್ಮ ಕಾರ್ಡಿನಲ್ಲಿ ನೀವೇ ತೆಗೆದ ಮೂಲ ಫೈಲನ್ನೇ ಪರೀಕ್ಷಿಸಿ. ಫೈಲಿನ ಹೆಸರಿನಲ್ಲಿರುವ ನಾಲ್ಕಂಕಿಯನ್ನು ತೋರಿಸಿ "ಇಷ್ಟೇ ಆಗಿರೋದು" ಎನ್ನುವವರಿದ್ದಾರೆ. ಆ ಅಂಕಿ 9999 ಮುಟ್ಟಿದ ಮೇಲೆ ಮತ್ತೆ ಮೊದಲಿಗೆ ಬರುತ್ತದೆ, ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಸಿಕ್ಕ ಸಂಖ್ಯೆಯನ್ನು ಆ ಮಾದರಿಯ ಶಟರನ್ನು ಎಷ್ಟು ಬಾರಿಗೆ ಪರೀಕ್ಷಿಸಲಾಗಿದೆ ಎಂಬುದರ ಜೊತೆ ಇಟ್ಟು ನೋಡಬೇಕು. ಕ್ಯಾನನ್ 80ಡಿಗೆ ಅದು 1 ಲಕ್ಷ, ನಿಕಾನ್ ಡಿ750 ಮತ್ತು ಕ್ಯಾನನ್ 5ಡಿ ಮಾರ್ಕ್ 4ಕ್ಕೆ 1.5 ಲಕ್ಷ, ನಿಕಾನ್ ಡಿ500ಕ್ಕೆ 2 ಲಕ್ಷ. ಈ ಅಂಕಿ ಗ್ಯಾರಂಟಿಯಲ್ಲ, ಆಯುಷ್ಯದ ಕೊನೆಯ ಗೆರೆಯೂ ಅಲ್ಲ. ಅದನ್ನು ದಾಟಿ ಆರಾಮವಾಗಿ ಓಡುವ ಶಟರುಗಳೂ ಇವೆ, ಅದರ ಅರ್ಧಕ್ಕೆ ನಿಂತವೂ ಇವೆ. ಡಿ500 ಸೆಕೆಂಡಿಗೆ 10 ಫ್ರೇಮ್ ತೆಗೆಯುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ, ದೋಣಿಯಲ್ಲಿ ಕೂತು ಹಾರುವ ಹೆಜ್ಜಾರ್ಲೆಯ ಹಿಂದೆ ಬಿಟ್ಟು ಬಿಟ್ಟು ಒಟ್ಟು ಒಂದು ನಿಮಿಷ ಬೆರಳೊತ್ತಿದವರು 600 ಬಾರಿ ಶಟರ್ ಓಡಿಸಿರುತ್ತಾರೆ ಎಂಬ ಲೆಕ್ಕ ಸಿಗುತ್ತದೆ. ಹಕ್ಕಿಯವರ ಬಾಡಿಯಲ್ಲಿ ದೊಡ್ಡ ಸಂಖ್ಯೆ ಕಂಡರೆ ಅಚ್ಚರಿಪಡಬೇಕಾಗಿಲ್ಲ. ಬೆಲೆ ಅದಕ್ಕೆ ತಕ್ಕಂತೆ ಇಳಿದಿದೆಯೇ ಎಂಬುದಷ್ಟೇ ಪ್ರಶ್ನೆ. ಮದುವೆ ವಿಡಿಯೊಗೆ ದುಡಿದ ಬಾಡಿಯಲ್ಲಿ ಇದರ ವಿರುದ್ಧ: ಗಂಟೆಗಟ್ಟಲೆ ವಿಡಿಯೊ ತೆಗೆದರೂ ಶಟರ್ ಕೌಂಟ್ ಅಷ್ಟಾಗಿ ಏರುವುದಿಲ್ಲ. ಮಿರರ್‌ಲೆಸ್‌ನಲ್ಲಿ (ಕನ್ನಡಿಯಿಲ್ಲದ ಕ್ಯಾಮೆರಾದಲ್ಲಿ) ಎಲೆಕ್ಟ್ರಾನಿಕ್ ಶಟರಿನಿಂದ ತೆಗೆದ ಚಿತ್ರಗಳಿಗೆ ಯಾಂತ್ರಿಕ ಶಟರಿನ ಸವೆತವೇ ಇರುವುದಿಲ್ಲ.

ಸಂಖ್ಯೆಗಿಂತ ಸ್ಥಿತಿ ಮುಖ್ಯ, ಮತ್ತು ಸ್ಥಿತಿಯನ್ನು ಐದು ನಿಮಿಷದಲ್ಲಿ ನೋಡಬಹುದು. ಹಗಲಿನಲ್ಲಿ ಹೊರಗೆ ಬಂದು, ಒಂದೇ ಸಮನಾಗಿ ಬೆಳಕಿರುವ ಆಕಾಶದ ಕಡೆಗೋ ಸುಣ್ಣ ಹೊಡೆದ ಗೋಡೆಯ ಕಡೆಗೋ ತಿರುಗಿಸಿ, ಬಾಡಿಯಲ್ಲಿರುವ ಅತಿ ವೇಗದ ಶಟರ್, ಅಂದರೆ ಸೆಕೆಂಡಿನ 1/4000 ಅಥವಾ 1/8000ರಲ್ಲಿ ಹತ್ತಾರು ಚಿತ್ರ ತೆಗೆಯಿರಿ. ಚಿತ್ರದ ಒಂದು ಅಂಚು ಕಪ್ಪಾಗಿದ್ದರೆ, ಅಥವಾ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಬೆಳಕು ಏರುಪೇರಾಗುತ್ತಿದ್ದರೆ, ಶಟರಿನ ಪರದೆಗಳು ಒಂದನ್ನೊಂದು ಸರಿಯಾಗಿ ಹಿಂಬಾಲಿಸುತ್ತಿಲ್ಲ. ಇದನ್ನು ಒಳಗಿನ ವಿದ್ಯುದ್ದೀಪದಲ್ಲಿ ಮಾಡಬಾರದು ಎಂದದ್ದಕ್ಕೆ ಕಾರಣವಿದೆ: ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು, ಬಹಳಷ್ಟು ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ, ಆ ಮಿನುಗೇ ಪಟ್ಟಿಯಾಗಿ ಬಿದ್ದು ಒಳ್ಳೆಯ ಶಟರೂ ಕೆಟ್ಟದ್ದಾಗಿ ಕಾಣುತ್ತದೆ. ಆಮೇಲೆ ಕಿವಿಯನ್ನು ಹತ್ತಿರವಿಟ್ಟು ಬರ್ಸ್ಟ್ (ಬೆರಳೊತ್ತಿ ಹಿಡಿದು ಸಾಲು ಚಿತ್ರ) ಹೊಡೆಯಿರಿ. ಲಯ ತಪ್ಪಿದ, ಎಳೆದಂತಹ ಸದ್ದು ಬಂದರೆ ಎಚ್ಚರ.

ಕೆಲವು ಮಾದರಿಗಳಿಗೆ ಅವುಗಳದೇ ಆದ ರೋಗ ಇರುತ್ತದೆ. 2012ರಲ್ಲಿ ಬಂದ ನಿಕಾನ್ ಡಿ600ರಲ್ಲಿ ಸೆನ್ಸರಿನ ಮೇಲೆ ಮತ್ತೆ ಮತ್ತೆ ಕಲೆ ಬೀಳುತ್ತಿತ್ತು; ಮರುವರ್ಷವೇ ಡಿ610 ಬಂತು, 2014ರಲ್ಲಿ ಕಂಪನಿಯೇ ಡಿ600ಗಳಿಗೆ ಉಚಿತವಾಗಿ ಶಟರ್ ಬದಲಾಯಿಸಿಕೊಡಲು ಮುಂದಾಯಿತು. ಶಟರ್ ಬದಲಾದ ಡಿ600 ಇಂದಿಗೂ ಒಳ್ಳೆಯ ವ್ಯಾಪಾರ. ಕೊಳ್ಳುವ ಮಾದರಿಗೆ ಇಂಥ ಇತಿಹಾಸ ಇದೆಯೇ ಎಂದು ಮನೆಯಲ್ಲೇ ಓದಿಕೊಂಡು ಹೋಗುವುದು ಒಳ್ಳೆಯದು.

ಸೆನ್ಸರ್

ಲೆನ್ಸಿನ ಅಪರ್ಚರನ್ನು (ಬೆಳಕು ಬರುವ ಕಿಂಡಿ) ಎಫ್/16 ಅಥವಾ ಎಫ್/22ಕ್ಕೆ ಇಳಿಸಿ, ಫೋಕಸನ್ನು ಬೇಕೆಂದೇ ತಪ್ಪಿಸಿ, ಆಕಾಶದ ಚಿತ್ರ ತೆಗೆದು ಪೂರ್ತಿ ಹಿಗ್ಗಿಸಿ ಮೂಲೆಯಿಂದ ಮೂಲೆಗೆ ನೋಡಿ. ಮಸುಕಾದ ಬೂದು ಚುಕ್ಕೆಗಳು ಧೂಳು, ತೆಗೆಯಬಹುದು. ನಡುವೆ ತಿಳಿಯಾಗಿದ್ದು ಸುತ್ತ ಗಾಢ ಉಂಗುರವಿರುವವು ಎಣ್ಣೆಯ ಹನಿ. ಒದ್ದೆ ಸ್ವಾಬ್ (ಸೆನ್ಸರ್ ಒರೆಸುವ ಚಪ್ಪಟೆ ಕಡ್ಡಿ) ಬೇಕಾಗುತ್ತದೆ. ಅಪರ್ಚರ್ ಎಷ್ಟು ಬದಲಾಯಿಸಿದರೂ ಅದೇ ಜಾಗದಲ್ಲಿ ಕಾಣುವ ತೆಳು ಗೆರೆ ಇದ್ದರೆ, ಯಾರೋ ಒಣ ಬಟ್ಟೆಯಿಂದ ಒರೆಸಿ ಸೆನ್ಸರಿನ ಮೇಲಿನ ಫಿಲ್ಟರ್ ಗಾಜಿಗೆ ಗೀರು ಹಾಕಿದ್ದಾರೆ, ಅದಕ್ಕೆ ಮನೆಮದ್ದಿಲ್ಲ.

ಮುಂದಿನದು ಹಾಟ್ ಪಿಕ್ಸೆಲ್, ಅಂದರೆ ಬೆಳಕಿಲ್ಲದಿದ್ದರೂ ಹೊಳೆಯುವ ಸೆನ್ಸರಿನ ಚುಕ್ಕೆ. ಲೆನ್ಸಿಗೆ ಮುಚ್ಚಳ ಹಾಕಿ, ಐಎಸ್‌ಒ 800ರಲ್ಲಿ 30 ಸೆಕೆಂಡಿನ ಒಂದು ಚಿತ್ರ ತೆಗೆಯಿರಿ. ಕೆಂಪು, ನೀಲಿ, ಬಿಳಿ ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಕಂಡರೆ ಅದು ವಯಸ್ಸಿನ ಸಹಜ ಗುರುತು. ಸೆಕೆಂಡಿನ 1/60ರ ಚಿತ್ರದಲ್ಲೂ ಅವೇ ಚುಕ್ಕೆಗಳು ಬಂದರೆ ವಿಡಿಯೊದಲ್ಲಿ ಖಂಡಿತ ಕಾಡುತ್ತವೆ. ಒಲಿಂಪಸ್ ಬಾಡಿಗಳ ಮೆನುವಿನಲ್ಲಿ ಪಿಕ್ಸೆಲ್ ಮ್ಯಾಪಿಂಗ್ ಎಂಬ ಆಯ್ಕೆಯೇ ಇದ್ದು, ಅದು ಅಂಥ ಚುಕ್ಕೆಗಳನ್ನು ಗುರುತಿಸಿ ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ತುಂಬಿಸುತ್ತದೆ. ಆ ಆಯ್ಕೆ ಇಲ್ಲದ ಬಾಡಿಗಳಿಗೆ ಸರ್ವಿಸ್ ಸೆಂಟರಿನಲ್ಲಿ ಮಾಡಿಸಬಹುದು.

ಲೆನ್ಸ್ ಮತ್ತು ಬೂಷ್ಟು

ನಮ್ಮ ಕಡೆ ಹಳೆಯ ಕ್ಯಾಮೆರಾಗಳಿಗೆ ಶಟರಿಗಿಂತ ದೊಡ್ಡ ಶತ್ರು ಬೂಷ್ಟು. ಆಷಾಢದಲ್ಲಿ ಮುಹೂರ್ತಗಳಿರುವುದಿಲ್ಲ, ಸ್ಟುಡಿಯೊ ಕ್ಯಾಮೆರಾಗಳೂ ಬ್ಯಾಗು ಸೇರುತ್ತವೆ; ಮುಂಗಾರಿನ ತೇವ ಗಾಳಿಯಲ್ಲಿ ಕೂತಿರುವುದೂ ಅದೇ ಹೊತ್ತಿಗೆ. ಬ್ಯಾಗಿನ ಒಳಗಿನ ಸ್ಪಂಜು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಕತ್ತಲೆ ಇರುತ್ತದೆ, ಗಾಳಿಯಾಡುವುದಿಲ್ಲ. ಸ್ಟುಡಿಯೊದವರು ಶ್ರಾವಣಕ್ಕೆ ಮತ್ತೆ ಹೊರತೆಗೆಯುತ್ತಾರೆ. ಬೀರುವಿನಲ್ಲಿಟ್ಟ ಮನೆಯವರು ನಾಲ್ಕು ಮಳೆಗಾಲ ಕಳೆದರೂ ತೆಗೆಯುವುದಿಲ್ಲ. ಐದು ಸಾವಿರ ಶಟರ್ ಕೌಂಟಿನ "ಹೊಸದರಂಥ" ಕ್ಯಾಮೆರಾದ ಲೆನ್ಸ್ ತೆರೆದು ನೋಡಿದರೆ ಒಳಗೆ ಬಿಳಿಯ ಬಳ್ಳಿ ಹಬ್ಬಿರುತ್ತದೆ.

ನೋಡುವ ಕ್ರಮ ಹೀಗೆ. ಲೆನ್ಸನ್ನು ಬಾಡಿಯಿಂದ ಬಿಡಿಸಿ, ಎರಡೂ ಮುಚ್ಚಳ ತೆಗೆದು, ನೆರಳಿರುವ ಜಾಗಕ್ಕೆ ಬನ್ನಿ. ಟಾರ್ಚನ್ನು ಹಿಂಬದಿಯಿಂದ ನೇರವಾಗಿ ಬಿಡದೆ ಸ್ವಲ್ಪ ಓರೆಯಾಗಿ ಬಿಟ್ಟು ಮುಂಬದಿಯಿಂದ ನೋಡಿ. ಆಮೇಲೆ ತಿರುಗಿಸಿ ಇನ್ನೊಂದು ಕಡೆಯಿಂದಲೂ ನೋಡಿ. ಜೂಮ್ ಲೆನ್ಸಾದರೆ ಎರಡೂ ತುದಿಗೆ ತಿರುಗಿಸಿ ನೋಡಬೇಕು, ಒಳಗಿನ ಗಾಜುಗಳು ಸರಿದಾಗ ಮರೆಯಲ್ಲಿದ್ದದ್ದು ಕಾಣುತ್ತದೆ. ಬಿಡಿಬಿಡಿ ಕಣಗಳು ಧೂಳು, ಅವನ್ನು ಮರೆತುಬಿಡಿ. ಒಂದು ಬಿಂದುವಿನಿಂದ ಹೊರಟು ಕವಲೊಡೆದ ನವಿರಾದ ಎಳೆಗಳು ಬೂಷ್ಟು. ಇಡೀ ಗಾಜಿನ ಮೇಲೆ ಬಾಯಿಂದ ಹಬೆ ಊದಿದಂತೆ ಸಮನಾದ ಮಂಜಿದ್ದರೆ ಅದು ಬೂಷ್ಟಲ್ಲ. ಒಳಗಿನ ಗ್ರೀಸಿನ ಆವಿ ಗಾಜಿನ ಮೇಲೆ ಕೂತಿರುವ ಸಾಧ್ಯತೆ ಹೆಚ್ಚು.

ಅಂಚಿನಲ್ಲಿ ಒಂದೆರಡು ಎಳೆಗಳಿದ್ದರೆ ಚಿತ್ರದಲ್ಲಿ ಏನೂ ಗೊತ್ತಾಗುವುದಿಲ್ಲ, ಆದರೆ ಆ ಲೆನ್ಸನ್ನು ಉಳಿದವುಗಳ ಜೊತೆ ಒಂದೇ ಡಬ್ಬದಲ್ಲಿ ಇಡುವ ಧೈರ್ಯ ನಾನಂತೂ ಮಾಡುವುದಿಲ್ಲ. ನಡುವೆ ಹಬ್ಬಿದ್ದರೆ ದೀಪಗಳ ಸುತ್ತ ಹಾಲಿನಂತಹ ಪ್ರಭೆ ಬರುತ್ತದೆ. ಇದನ್ನು ಪರೀಕ್ಷಿಸಲು ಮೈಸೂರಿನವರಿಗೆ ಒಂದು ಅನುಕೂಲವಿದೆ: ಭಾನುವಾರ ಸಂಜೆ ಅರಮನೆಯ ದೀಪ ಹೊತ್ತಿದಾಗ ಆ ಸುಮಾರು ಒಂದು ಲಕ್ಷ ಬಲ್ಬುಗಳ ಚಿತ್ರ ತೆಗೆದು ಹಿಗ್ಗಿಸಿ ನೋಡಿದರೆ ಒಳ್ಳೆಯ ಲೆನ್ಸಿನಲ್ಲಿ ಬಲ್ಬುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ, ಬೂಷ್ಟು ಹಿಡಿದದ್ದರಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದೇ ಚಿತ್ರದಿಂದ ಹಾಟ್ ಪಿಕ್ಸೆಲ್ ಹುಡುಕಲು ಮಾತ್ರ ಹೋಗಬೇಡಿ, ಅಷ್ಟು ಚುಕ್ಕೆಗಳ ನಡುವೆ ಯಾವುದು ಬಲ್ಬು ಯಾವುದು ಪಿಕ್ಸೆಲ್ ಎಂದು ತಿಳಿಯುವುದಿಲ್ಲ.

ಲೆನ್ಸನ್ನು ಬಿಸಿಲಿಗೆ ಇಟ್ಟರೆ ಬೂಷ್ಟು ಹೋಗುತ್ತದೆ ಎಂಬ ಮಾತು ಅರ್ಧ ಸತ್ಯ. ಬೆಳವಣಿಗೆ ನಿಲ್ಲಬಹುದು, ಗಾಜಿನ ಲೇಪನವನ್ನು ಅದು ಆಗಲೇ ತಿಂದಿದ್ದರೆ ಆ ಗುರುತು ಉಳಿದೇ ಉಳಿಯುತ್ತದೆ. ಒಳಗಿನ ಗಾಜುಗಳನ್ನು ಬಿಚ್ಚಿ ತೊಳೆದು ಮತ್ತೆ ಅದೇ ಅಂತರದಲ್ಲಿ ಕೂರಿಸುವುದು ಅನುಭವಿ ಮೆಕ್ಯಾನಿಕ್‌ನ ಕೆಲಸ, ಕ್ಯಾಮೆರಾ ಜೊತೆಗೇ ಬರುವ ಅಗ್ಗದ ಕಿಟ್ ಲೆನ್ಸಿಗೆ ಆ ಖರ್ಚು ಗಿಟ್ಟುವುದಿಲ್ಲ.

ಫೋಕಸ್ ಪರೀಕ್ಷೆಗೆ ದಿನಪತ್ರಿಕೆಯ ಒಂದು ಹಾಳೆಯನ್ನು ಗೋಡೆಗೆ ಅಂಟಿಸಿ, ಕ್ಯಾಮೆರಾವನ್ನು ಅದಕ್ಕೆ ಸರಿಯಾಗಿ ಎದುರಿಟ್ಟು, ಅಪರ್ಚರ್ ಪೂರ್ತಿ ತೆರೆದು ಚಿತ್ರ ತೆಗೆಯಿರಿ. ಎಡ ಬಲ ಎರಡೂ ಕಡೆ ಅಕ್ಷರ ಸಮನಾಗಿ ಸ್ಪಷ್ಟವಿರಬೇಕು. ಒಂದೇ ಬದಿ ಮಸುಕಾದರೆ ಲೆನ್ಸು ಬಿದ್ದಿರಬಹುದು. ಬೇರೆ ಲೆನ್ಸ್ ಹಾಕಿದರೂ ಅದೇ ಬದಿ ಮಸುಕಾದರೆ ಮೌಂಟು ಅಥವಾ ಸೆನ್ಸರು ಓರೆಯಾಗಿದೆ.

ಬ್ಯಾಟರಿ ಮತ್ತು ಕಿಂಡಿಗಳು

ಬ್ಯಾಟರಿಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ. ಅಲ್ಲಾಡಿದರೆ ಅಥವಾ ಬಾಡಿಯಿಂದ ಹೊರತೆಗೆಯುವಾಗ ಸಿಕ್ಕಿಕೊಂಡರೆ ಅದು ಊದಿದೆ, ಇನ್ನು ಬಳಸಬಾರದು. ನಿಕಾನ್‌ನ ಹಲವು ಬಾಡಿಗಳ ಮೆನುವಿನಲ್ಲಿ ಬ್ಯಾಟರಿಯ ವಯಸ್ಸು 0ರಿಂದ 4ರವರೆಗಿನ ಅಂಕಿಯಲ್ಲಿ ಕಾಣುತ್ತದೆ, 4 ಎಂದರೆ ಬದಲಾಯಿಸಬೇಕು. ಕ್ಯಾನನ್‌ನ ಹಲವು ಬಾಡಿಗಳಲ್ಲಿ ಮೂರು ಹಸಿರು ಚೌಕವಿದ್ದರೆ ಚೆನ್ನಾಗಿದೆ, ಒಂದೇ ಕೆಂಪು ಚೌಕವಿದ್ದರೆ ಮುಗಿದಿದೆ ಎಂದು ಅರ್ಥ. ಸ್ಟುಡಿಯೊ ಬಾಡಿಯಾದರೆ ಹದಿನೈದು ನಿಮಿಷ ಬಿಡದೆ ವಿಡಿಯೊ ತೆಗೆಯಿರಿ, ಎಚ್‌ಡಿಎಂಐ ಕೇಬಲ್ ಚುಚ್ಚಿ ಮೆಲ್ಲಗೆ ಅಲ್ಲಾಡಿಸಿ ಚಿತ್ರ ಕಡಿಯುತ್ತದೆಯೇ ನೋಡಿ, ಮೈಕಿನ ಕಿಂಡಿಯನ್ನೂ ಪರೀಕ್ಷಿಸಿ. ಕಡಿಮೆ ಶಟರ್ ಕೌಂಟಿನ ವಿಡಿಯೊ ಬಾಡಿಯ ಸವೆತವೆಲ್ಲ ಇಲ್ಲಿಯೇ ಇರುತ್ತದೆ.

ಮನೆಯಲ್ಲೇ ಮಾಡಿಕೊಳ್ಳಬಹುದಾದ ಕೆಲಸ

ಕ್ಯಾನನ್‌ನಲ್ಲಿ ಎರರ್ 01 ಬಂದರೆ ಬಾಡಿಗೂ ಲೆನ್ಸಿಗೂ ಸಂಪರ್ಕ ಸರಿಯಿಲ್ಲ ಎಂದರ್ಥ. ಇದೊಂದು ಎರರ್ ತೋರಿಸಿ ಅರ್ಧ ಬೆಲೆಗೆ ಕೊಡುವ ಕ್ಯಾಮೆರಾಗಳೂ ಇವೆ, ಹಲವು ಬಾರಿ ದೋಷ ಇರುವುದು ಮೌಂಟಿನ ಚಿನ್ನದ ಬಣ್ಣದ ಸಂಪರ್ಕ ಬಿಂದುಗಳ ಮೇಲಿನ ಜಿಡ್ಡಿನಲ್ಲಿ. ಬ್ಯಾಟರಿ ತೆಗೆದಿಟ್ಟು, ನೂಲು ಬಿಡದ ಬಟ್ಟೆಗೆ 99 ಶೇಕಡಾ ಶುದ್ಧತೆಯ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಹನಿ ಹಾಕಿ, ಮೊದಲು ಲೆನ್ಸಿನ ಬಿಂದುಗಳನ್ನು, ಆಮೇಲೆ ಬಾಡಿಯನ್ನು ಕೆಳಮುಖ ಹಿಡಿದು ಅದರ ಬಿಂದುಗಳನ್ನು ಒರೆಸಿ. ಬಾಡಿಯ ಬಿಂದುಗಳ ಕೆಳಗೆ ಸ್ಪ್ರಿಂಗ್ ಇರುತ್ತದೆ, ಒಂದೊಂದನ್ನೂ ಮೆಲ್ಲಗೆ ಒತ್ತಿದಾಗ ಮೇಲೆದ್ದು ಬರಬೇಕು. ಮರಳು ಕಾಗದ ಬೇಡವೇ ಬೇಡ, ಚಿನ್ನದ ಲೇಪನ ಹೋದರೆ ತುಕ್ಕು ಹಿಡಿಯುತ್ತದೆ. ಸ್ಯಾನಿಟೈಸರ್, ಥಿನ್ನರ್, ಪೆಟ್ರೋಲ್ ಯಾವುದೂ ಕ್ಯಾಮೆರಾದ ಹತ್ತಿರ ಸುಳಿಯಬಾರದು.

ಸೆನ್ಸರ್ ಶುಚಿಗೊಳಿಸುವಾಗ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ನಡುವೆ ಮುಗಿದರೆ ಕನ್ನಡಿಯೂ ಶಟರೂ ಸ್ವಾಬಿನ ಮೇಲೆ ಬಂದು ಬೀಳುತ್ತವೆ. ಫ್ಯಾನ್ ನಿಲ್ಲಿಸಿ, ಮೆನುವಿನ ಕ್ಲೀನಿಂಗ್ ಮೋಡಿಗೆ ಹೋಗಿ, ಬಾಡಿಯನ್ನು ಕೆಳಮುಖ ಹಿಡಿದು ರಬ್ಬರ್ ಬ್ಲೋವರಿನಿಂದ ಗಾಳಿ ಊದಿ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಕಂಪ್ಯೂಟರಿಗೆ ಬಳಸುವ ಡಬ್ಬದ ಗಾಳಿಯಿಂದ ದ್ರವ ಚಿಮ್ಮುತ್ತದೆ, ಎರಡೂ ಬೇಡ. ಮತ್ತೆ ಆಕಾಶದ ಚಿತ್ರ ತೆಗೆದು ನೋಡಿ. ಬಹಳ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ. ಉಳಿದ ಕಲೆಗಳಿಗೆ ಸೆನ್ಸರಿನ ಎತ್ತರದಷ್ಟೇ ಅಗಲದ ಸ್ವಾಬ್ ಬೇಕು, ದೊಡ್ಡ ಸೆನ್ಸರಿನ ಫುಲ್ ಫ್ರೇಮಿಗೆ 24 ಮಿಲಿಮೀಟರ್, ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿಗೆ 16. ಸೆನ್ಸರಿಗೆಂದೇ ಮಾರುವ ದ್ರವದ ಎರಡು ಹನಿ ಹಾಕಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೇ ಎಳೆತದಲ್ಲಿ ಎಳೆದು, ಸ್ವಾಬನ್ನು ಮಗುಚಿ ಹಿಂದಕ್ಕೆ ಒಮ್ಮೆ ಎಳೆದು, ಅದನ್ನು ಎಸೆದುಬಿಡಿ. ಒಂದು ಸ್ವಾಬನ್ನು ಎರಡನೇ ಬಾರಿ ಬಳಸುವ ಉಳಿತಾಯವೇ ಗೀರಿಗೆ ಕಾರಣವಾಗುತ್ತದೆ. ಕಲೆ ಎಲ್ಲಿದೆ ಎಂದು ಹುಡುಕುವಾಗ ಒಂದು ಗುಟ್ಟು ನೆನಪಿರಲಿ: ಚಿತ್ರದ ಮೇಲ್ಭಾಗದಲ್ಲಿ ಕಂಡ ಕಲೆ ಸೆನ್ಸರಿನ ಕೆಳಭಾಗದಲ್ಲಿರುತ್ತದೆ, ಆದರೆ ಕ್ಯಾಮೆರಾವನ್ನು ನೆಟ್ಟಗಿಟ್ಟು ಎದುರಿನಿಂದ ನೋಡುವ ನಿಮಗೆ ಎಡದ್ದು ಎಡಕ್ಕೇ ಇರುತ್ತದೆ.

ಹಿಡಿಕೆಯ ರಬ್ಬರ್ ಹಿಗ್ಗಿ ಎದ್ದಿದ್ದರೆ ಪೂರ್ತಿ ಬಿಡಿಸಿ, ಹಳೆಯ ಅಂಟನ್ನು ಆಲ್ಕೊಹಾಲಿನಿಂದ ತೆಗೆದು, ತೆಳುವಾದ ಎರಡು ಬದಿ ಅಂಟುವ ಟೇಪಿನಿಂದ ಕೂರಿಸಿ. ಫೆವಿಕ್ವಿಕ್ ಹಾಕಿದರೆ ಮುಂದೊಮ್ಮೆ ರಬ್ಬರಿನ ಕೆಳಗಿನ ತಿರುಪು ಬಿಚ್ಚಬೇಕಾದ ಮೆಕ್ಯಾನಿಕ್ ನಿಮ್ಮನ್ನು ಶಪಿಸುತ್ತಾನೆ. ಡಯಲ್ ತಿರುಗಿಸಿದಾಗ ಅಂಕಿ ಹಿಂದೆ ಮುಂದೆ ನೆಗೆಯುತ್ತಿದ್ದರೆ, ಬ್ಯಾಟರಿ ತೆಗೆದು ನೂರಾರು ಸುತ್ತು ತಿರುಗಿಸುವುದರಿಂದಲೇ ಒಮ್ಮೊಮ್ಮೆ ಒಳಗಿನ ಕೊಳೆ ಬಿಡುತ್ತದೆ.

ಬಾಡಿಯನ್ನು ಬಿಚ್ಚುವುದು ಮಾತ್ರ ಬೇರೆ ಮಾತು. ಒಳಗಿನ ಫ್ಲ್ಯಾಶ್ ಇರುವ ಕ್ಯಾಮೆರಾದಲ್ಲಿ ಅದರ ಕೆಪ್ಯಾಸಿಟರ್ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ, ಬ್ಯಾಟರಿ ತೆಗೆದ ಮೇಲೂ ಬಹಳ ಹೊತ್ತು. ಬೆರಳು ತಾಗಿದರೆ ಸಣ್ಣ ಶಾಕ್ ಅಲ್ಲ ಅದು. ಮಾದರಿಯ ಸರ್ವಿಸ್ ಕೈಪಿಡಿ ಇಲ್ಲದೆ, ಅದನ್ನು ಸುರಕ್ಷಿತವಾಗಿ ಖಾಲಿ ಮಾಡುವುದು ತಿಳಿಯದೆ, ಯೂಟ್ಯೂಬ್ ನೋಡಿ ತಿರುಪು ಬಿಚ್ಚಲು ಕೂರಬಾರದು. ಜಪಾನಿನ ಕ್ಯಾಮೆರಾಗಳ ತಿರುಪುಗಳಿಗೆ ಜೆಐಎಸ್ (ಜಪಾನಿನ ಮಾನಕ) ಅಳತೆಯ ಸ್ಕ್ರೂಡ್ರೈವರ್ ಬೇಕು, ಮಾಮೂಲಿ ಫಿಲಿಪ್ಸ್ ಅವುಗಳ ತಲೆಯನ್ನು ಕಚ್ಚಿಹಾಕುತ್ತದೆ.

ಮೆಕ್ಯಾನಿಕ್‌ಗೆ ಕೊಡುವಾಗ

ಶಟರ್ ಬದಲಾವಣೆ, ಕನ್ನಡಿಯ ಯಂತ್ರ, ಮದರ್‌ಬೋರ್ಡ್ ಈ ಮೂರರಲ್ಲಿ ಯಾವುದು ಕೆಟ್ಟಿದ್ದರೂ ಮೊದಲು ಬಿಡಿಭಾಗದ ಬೆಲೆ ಮತ್ತು ಕೂಲಿಯನ್ನು ಬೇರೆ ಬೇರೆಯಾಗಿ ಕೇಳಿ, ಅದೇ ಮಾದರಿಯ ಸುಸ್ಥಿತಿಯ ಬಾಡಿ ಎಷ್ಟಕ್ಕೆ ಸಿಗುತ್ತದೆ ಎಂಬುದರ ಜೊತೆ ಹೋಲಿಸಿ. ಖರ್ಚು ಅದರ ಅರ್ಧ ದಾಟಿದರೆ ನಾನು ರಿಪೇರಿಗೆ ಹೋಗುವುದಿಲ್ಲ. ಹೊಸಬರಿಗೆಂದು ಮಾಡುವ ಅಗ್ಗದ ಮಾದರಿಗಳಲ್ಲಿ ಬಹುತೇಕ ದಾಟಿಯೇ ದಾಟುತ್ತದೆ. ಕೊಡುವ ಮುನ್ನ ಸೀರಿಯಲ್ ನಂಬರನ್ನು ರಸೀದಿಯಲ್ಲಿ ಬರೆಸಿ, ಆಕಾಶದ ಮತ್ತು ಮುಚ್ಚಳ ಹಾಕಿದ ಎರಡು ಪರೀಕ್ಷಾ ಚಿತ್ರಗಳನ್ನು ತೆಗೆದಿಟ್ಟುಕೊಳ್ಳಿ, ಕಾರ್ಡು ಬ್ಯಾಟರಿ ಬೆಲ್ಟು ತೆಗೆದಿಡಿ. ಬದಲಾಯಿಸಿದ ಹಳೆಯ ಭಾಗವನ್ನು ವಾಪಸ್ ಕೊಡುವಂತೆ ಕೇಳಿ, ವಾಪಸ್ ಬಂದ ದಿನ ಅಂಗಡಿಯ ಮುಂದೆಯೇ ಹಗಲಿನಲ್ಲಿ ಅದೇ ಎರಡು ಚಿತ್ರಗಳನ್ನೂ 1/4000ರ ಬರ್ಸ್ಟನ್ನೂ ತೆಗೆದು, ಹಿಂದಿನವುಗಳ ಪಕ್ಕದಲ್ಲಿಟ್ಟು ನೋಡಿದ ಮೇಲೆ ಬಾಕಿ ಹಣ ಕೊಡಿ.